ಬೆಳಕಿಗೆ ಬಲ, ಗಾಜಿಗೆ ಭಾರ

ಅಫಜಲಪುರ ತಾಲೂಕಿನ ಭೀಮಾ ತೀರದ ಮಣ್ಣೂರಿನಿಂದ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹಚ್ಚಿದರೆ, ಆ ಮಾತು ದಾರಿಯ ಬಹುಪಾಲನ್ನು ಗಾಜಿನೊಳಗೆ ಕ್ರಮಿಸುತ್ತದೆ. ಮೊಬೈಲಿನಿಂದ ಟವರಿನವರೆಗೆ ಗಾಳಿಯಲ್ಲಿ ಹೋಗುವುದು ಕೆಲವೇ ಕಿಲೋಮೀಟರ್. ಆಮೇಲೆ ರಸ್ತೆ ಬದಿಯಲ್ಲಿ ಹೂತಿಟ್ಟ ಓಎಫ್‌ಸಿ, ಅಂದರೆ ಗಾಜಿನ ಎಳೆಯ (ಆಪ್ಟಿಕಲ್ ಫೈಬರ್) ಕೇಬಲ್ ಸೇರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಾಗಿ ಸುಮಾರು 600 ಕಿ.ಮೀ. ಓಡುತ್ತದೆ. ಎಷ್ಟೇ ಶುದ್ಧವಾದ ಗಾಜಾದರೂ ಬೆಳಕನ್ನು ಸ್ವಲ್ಪಸ್ವಲ್ಪವೇ ನುಂಗುತ್ತದೆ. 100 ಕಿ.ಮೀ. ದಾಟುವಷ್ಟರಲ್ಲಿ ಹೊರಟ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಅದಕ್ಕೇ 80–100 ಕಿ.ಮೀ.ಗೊಂದು ಕಡೆ ಬೆಳಕಿಗೆ ಮತ್ತೆ ಬಲ ತುಂಬುವ ಪೆಟ್ಟಿಗೆ ಇಟ್ಟಿರುತ್ತಾರೆ.

ಆ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಮೀಟರ್ ಉದ್ದದ ಇನ್ನೊಂದು ಬಗೆಯ ಗಾಜಿನ ಎಳೆ ಸುತ್ತಿರುತ್ತದೆ. ಅದರ ತಿರುಳಿನಲ್ಲಿ ಎರ್ಬಿಯಂ ಎಂಬ ವಿರಳ ಭಸ್ಮ ಧಾತುವಿನ ಅಯಾನುಗಳನ್ನು ಹತ್ತು ಲಕ್ಷಕ್ಕೆ ಕೆಲವು ನೂರರ ಲೆಕ್ಕದಲ್ಲಿ ಬೆರೆಸಿರುತ್ತಾರೆ. 980 ನ್ಯಾನೊಮೀಟರ್ ತರಂಗಾಂತರದ ಸಣ್ಣ ಡಯೋಡ್ ಲೇಸರ್ ಆ ಅಯಾನುಗಳಿಗೆ ಶಕ್ತಿ ತುಂಬುತ್ತಲೇ ಇರುತ್ತದೆ. ಸೊರಗಿ ಬಂದ 1550 ನ್ಯಾನೊಮೀಟರಿನ ಬೆಳಕು ನಡುವೆ ಹಾದಾಗ ಅಯಾನುಗಳು ತಮ್ಮಲ್ಲಿದ್ದ ಶಕ್ತಿಯನ್ನು ಅದೇ ಬಣ್ಣ, ಅದೇ ದಿಕ್ಕು, ಅದೇ ಲಯದ ಬೆಳಕಾಗಿ ಬಿಟ್ಟುಕೊಡುತ್ತವೆ. ಇಂಥದೊಂದು ಕ್ರಿಯೆ ಇರಲೇಬೇಕೆಂದು ಐನ್‌ಸ್ಟೈನ್ 1917ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ದೂರಸಂಪರ್ಕಕ್ಕೆ ಒದಗುವ ಎರ್ಬಿಯಂ ವರ್ಧಕ ಕೈಗೆ ಬಂದದ್ದು 1987ರಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ಅವರ ತಂಡ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಮಾನ್ಯುಯೆಲ್ ದೆಸುರ್ವಿರ್ ಮತ್ತು ಸಂಗಡಿಗರು ಒಂದೇ ಹೊತ್ತಿಗೆ ಅದನ್ನು ಸಾಧಿಸಿದರು. ಇವತ್ತಿನ ಇಂಟರ್ನೆಟ್ ನಿಂತಿರುವುದು ಅದರ ಮೇಲೆ.

ಇಲ್ಲಿ ಬೆಳಕಿಗೆ ಬೇಕಾದ ಬಲ ಬಹಳ ಕಡಿಮೆ, ಗಾಜಿಗೆ ಅದು ಭಾರವೇ ಅಲ್ಲ. ಆದರೆ ಇದೇ ಉಪಾಯದಿಂದ, ಇದೇ ಬಗೆಯ ಎಳೆಯಿಂದ, ಅತಿ ಗಿಡ್ಡ ಲೇಸರ್ ಪಲ್ಸ್‌ಗಳಿಗೆ, ಅಂದರೆ ಕ್ಷಣಮಾತ್ರದ ಬೆಳಕಿನ ಮಿಡಿತಗಳಿಗೆ, ಬಲ ತುಂಬಲು ಹೋದಾಗ ಗಾಜು ಸುಮ್ಮನೆ ದಾರಿ ಕೊಡುವ ವಸ್ತುವಾಗಿ ಉಳಿಯುವುದಿಲ್ಲ. ಬೆಳಕು ಗಾಜನ್ನು ಬದಲಿಸುತ್ತದೆ, ಬದಲಾದ ಗಾಜು ಬೆಳಕನ್ನು ಕೆಡಿಸುತ್ತದೆ. ಇದನ್ನು ಗೆಲ್ಲಲು ಕಳೆದ ನಲವತ್ತು ವರ್ಷಗಳಲ್ಲಿ ನಡೆದ ಪ್ರಯತ್ನವನ್ನು ನಾನು ಗಾಜಿನ ಕಥೆಯಾಗಿಯೇ ಹೇಳಬೇಕೆಂದಿದ್ದೇನೆ. ಲೇಸರ್ ಎಂದ ಕೂಡಲೇ ನಮ್ಮ ಗಮನವೆಲ್ಲ ಕಿರಣದ ಮೇಲೆ ಹೋಗುತ್ತದೆ. ಕಿರಣವನ್ನು ಹೊತ್ತ ಗಾಜಿನ ರಸಾಯನವನ್ನು ಕೇಳುವವರು ಕಡಿಮೆ. ನಮ್ಮ ದೇಶ ಈ ವಿದ್ಯೆಯಲ್ಲಿ ಎಡವುತ್ತಿರುವುದೂ ಅಲ್ಲೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಗಿಡ್ಡ ಎಂದರೆ ಎಷ್ಟು ಗಿಡ್ಡ ಎಂದು ನೋಡಬೇಕು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಫೆಮ್ಟೊಸೆಕೆಂಡ್. ಸಾವಿರ ಫೆಮ್ಟೊಸೆಕೆಂಡ್ ಸೇರಿದರೆ ಒಂದು ಪಿಕೊಸೆಕೆಂಡ್. ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡುವ ಬೆಳಕು 100 ಫೆಮ್ಟೊಸೆಕೆಂಡಿನಲ್ಲಿ ಸಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಮಾತ್ರ. ಇಷ್ಟು ಸಣ್ಣ ಅವಧಿಯೊಳಗೆ ಸ್ವಲ್ಪವೇ ಶಕ್ತಿಯನ್ನು ತುರುಕಿದರೂ ಆ ಕ್ಷಣದ ಸಾಮರ್ಥ್ಯ ನಂಬಲಾಗದಷ್ಟು ಏರುತ್ತದೆ. ಒಂದು ವ್ಯಾಟಿನ ಬಲ್ಬು ಒಂದು ಸೆಕೆಂಡಿನಲ್ಲಿ ಬಳಸುವ ಶಕ್ತಿ ಒಂದು ಜೌಲ್. ಅದರ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು, ಅಂದರೆ ಒಂದು ಮೈಕ್ರೊಜೌಲನ್ನು, 100 ಫೆಮ್ಟೊಸೆಕೆಂಡಿನೊಳಗೆ ಸೇರಿಸಿದರೆ ಆ ಗಳಿಗೆಗೆ ಅದು 10 ಮೆಗಾವ್ಯಾಟ್.

ಇದರ ಉಪಯೋಗ ಎಲ್ಲಿ? ವಸ್ತುವಿನ ಮೇಲೆ ಲೇಸರ್ ಬಿದ್ದಾಗ ಬೆಳಕಿನ ಶಕ್ತಿಯನ್ನು ಮೊದಲು ಪಡೆಯುವುದು ಎಲೆಕ್ಟ್ರಾನುಗಳು. ಅವು ಆ ಶಕ್ತಿಯನ್ನು ಸುತ್ತಲಿನ ಪರಮಾಣುಗಳಿಗೆ ದಾಟಿಸಿ ಬಿಸಿ ಹುಟ್ಟಿಸಲು ಕೆಲವು ಪಿಕೊಸೆಕೆಂಡ್ ಬೇಕು. ಅಷ್ಟರೊಳಗೇ ಪಲ್ಸ್ ಮುಗಿದುಹೋದರೆ, ಪೆಟ್ಟು ಬಿದ್ದ ಚೂರು ಹಾರಿಹೋಗುತ್ತದೆ, ಪಕ್ಕದ ವಸ್ತು ಕಾಯುವುದೇ ಇಲ್ಲ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿನ ಜಾಲರಿಯನ್ನು, ಮೊಬೈಲಿನ ಗಾಜನ್ನು ಅಂಚು ಸೀಳದಂತೆ ಕೊರೆಯುವುದು ಹೀಗೆ. ಕಣ್ಣಿನ ಪವರ್ ತೆಗೆಯುವ 'ಸ್ಮೈಲ್' ಎಂಬ ಶಸ್ತ್ರಚಿಕಿತ್ಸೆಯೂ ಹೀಗೆಯೇ ನಡೆಯುತ್ತದೆ. ಬೆಂಗಳೂರು, ಹೈದರಾಬಾದಿನ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಈಗ ಇದು ಲಭ್ಯ. ಝೈಸ್ ಕಂಪನಿಯ ವಿಸುಮ್ಯಾಕ್ಸ್ ಯಂತ್ರದಿಂದ ಬರುವ 1043 ನ್ಯಾನೊಮೀಟರಿನ ಫೆಮ್ಟೊಸೆಕೆಂಡ್ ಪಲ್ಸ್‌ಗಳು ಸೆಕೆಂಡಿಗೆ ಐದು ಲಕ್ಷದಂತೆ ಕಾರ್ನಿಯದ ಒಳಪದರದಲ್ಲಿ ಅತಿ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತ ಒಂದು ತೆಳು ಬಿಲ್ಲೆಯನ್ನು ಬಿಡಿಸುತ್ತವೆ. ಸರ್ಜನ್ ಅದನ್ನು ಚಿಕ್ಕ ಸೀಳಿನಿಂದ ಹೊರತೆಗೆಯುತ್ತಾರೆ. ಆ ಯಂತ್ರದೊಳಗಿನ ಲೇಸರ್ ಫೈಬರಿನದು.

ಕಣ್ಣಿಗೆ ಬೇಕಾದಷ್ಟು ಬಲದ ಪಲ್ಸ್ ನೇರವಾಗಿ ಹುಟ್ಟುವುದಿಲ್ಲ. ಪಲ್ಸ್ ಹುಟ್ಟಿಸುವ ಆಂದೋಲಕದಿಂದ ಬರುವುದು ಬಹಳ ಕ್ಷೀಣ, ಒಂದೊಂದು ಪಲ್ಸಿನಲ್ಲಿ ಒಂದು ಮೈಕ್ರೊಜೌಲಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅದನ್ನು ಸಾವಿರ, ಹತ್ತು ಸಾವಿರ, ಲಕ್ಷ ಪಟ್ಟು ಹಿಗ್ಗಿಸಬೇಕು. ತೊಡಕು ಶುರುವಾಗುವುದು ಅಲ್ಲಿಂದ.

ಸಾಮಾನ್ಯ ಫೈಬರಿನ ತಿರುಳು 6 ಮೈಕ್ರೊಮೀಟರ್ ಅಗಲ ಎಂದುಕೊಳ್ಳಿ. ಮೇಲೆ ಹೇಳಿದ 10 ಮೆಗಾವ್ಯಾಟಿನ ಪಲ್ಸ್ ಆ ತಿರುಳಿನಲ್ಲಿ ಹಾದರೆ ಅಲ್ಲಿನ ಬೆಳಕಿನ ಸಾಂದ್ರತೆ ನಡುಹಗಲ ಬಿಸಿಲಿಗಿಂತ ಮೂರೂವರೆ ಕೋಟಿ ಕೋಟಿ ಪಟ್ಟು. ಅಷ್ಟು ಪ್ರಖರ ಬೆಳಕಿನಲ್ಲಿ ಗಾಜಿನ ವಕ್ರೀಭವನ ಸೂಚ್ಯಂಕವೇ ಒಂದಿಷ್ಟು ಏರುತ್ತದೆ. ಪಲ್ಸಿನ ನಡುಭಾಗ ಹೆಚ್ಚು ಪ್ರಖರ, ತುದಿಗಳು ಮಂದ. ಹಾಗಾಗಿ ನಡುಭಾಗ ನಿಧಾನವಾಗುತ್ತದೆ, ಪಲ್ಸಿನ ಲಯ ತಿರುಚಿಕೊಳ್ಳುತ್ತದೆ, ಇಲ್ಲದಿದ್ದ ಬಣ್ಣಗಳು ಹುಟ್ಟುತ್ತವೆ. ಈ ತಿರುಚು ಎರಡು ಸಂಗತಿಗಳ ಗುಣಾಕಾರ. ಒಂದು, ಬೆಳಕು ಎಷ್ಟು ಪ್ರಖರ ಎಂಬುದು. ಇನ್ನೊಂದು, ಆ ಪ್ರಖರತೆಯಲ್ಲಿ ಗಾಜಿನೊಳಗೆ ಎಷ್ಟು ದೂರ ಸಾಗಿತು ಎಂಬುದು. ಓದುಗರು ಈ ಎರಡನೆಯದನ್ನು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಇನ್ನೊಂದು ಕಂಟಕ ಇದಕ್ಕಿಂತ ನಿರ್ದಯಿ. ಸಿಲಿಕಾ ಗಾಜಿನಲ್ಲಿ ಸುಮಾರು 4 ಮೆಗಾವ್ಯಾಟ್ ದಾಟಿದ ಬೆಳಕು ತನ್ನನ್ನು ತಾನೇ ಕೇಂದ್ರೀಕರಿಸಿಕೊಂಡು ಕುಗ್ಗುತ್ತ ಹೋಗಿ ಗಾಜನ್ನೇ ಸುಟ್ಟುಬಿಡುತ್ತದೆ. ತಿರುಳನ್ನು ಎಷ್ಟು ಅಗಲ ಮಾಡಿದರೂ ಈ ಮಿತಿ ಬದಲಾಗುವುದಿಲ್ಲ. ಅದು ಒಟ್ಟು ಸಾಮರ್ಥ್ಯದ ಮೇಲಿನ ಮಿತಿ, ಸಾಂದ್ರತೆಯ ಮೇಲಿನದಲ್ಲ. ಫೈಬರಿನೊಳಗೆ ಯಾವ ಗಳಿಗೆಯಲ್ಲೂ ಈ ಗೆರೆ ದಾಟುವಂತಿಲ್ಲ.

ಮೂರನೆಯ ಕಂಟಕ ನಮ್ಮ ಮನೆಯದೇ. 1928ರ ಫೆಬ್ರುವರಿ 28ರಂದು ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡ ಹೊಸ ವಿಕಿರಣದ ಪೂರ್ಣ ವಿವರಣೆಯನ್ನು ರಾಮನ್ ಸಭೆಯ ಮುಂದಿಟ್ಟದ್ದು ಬೆಂಗಳೂರಿನಲ್ಲಿ, ಅದೇ ವರ್ಷ ಮಾರ್ಚ್ 16ರಂದು. ಅಣುಗಳಿಗೆ ಬಡಿದು ಚದುರಿದ ಬೆಳಕಿನಲ್ಲಿ ತೀರ ಚಿಕ್ಕ ಪಾಲು ತನ್ನ ಶಕ್ತಿಯ ಒಂದಂಶವನ್ನು ಅಣುವಿನ ಕಂಪನಕ್ಕೆ ಕೊಟ್ಟು, ಕೆಂಪಿನ ಕಡೆಗೆ ಸರಿದ ಬಣ್ಣದಲ್ಲಿ ಹೊರಬರುತ್ತದೆ ಎಂಬುದು ಅದರ ಸಾರ. ರಾಮನ್ ಕಂಡದ್ದು ಬಹಳ ಮಸುಕಾದ ಬೆಳಕು. ಫೈಬರಿನಲ್ಲಿ ಹಾಗಲ್ಲ. ಪ್ರಖರ ಬೆಳಕು ಉದ್ದ ದಾರಿ ಸಾಗಿದಾಗ, ಹೊಸದಾಗಿ ಹುಟ್ಟಿದ ಬಣ್ಣ ತನ್ನಂಥದೇ ಬೆಳಕನ್ನು ಇನ್ನಷ್ಟು ಹುಟ್ಟಿಸುತ್ತ, ಕೊನೆಗೆ ಮೂಲ ಬೆಳಕಿನ ಬಹುಪಾಲನ್ನೇ ಕಸಿದುಕೊಳ್ಳುತ್ತದೆ. ಸಿಲಿಕಾ ಫೈಬರಿನಲ್ಲಿ ಈ ಪ್ರಚೋದಿತ ರಾಮನ್ ಚದುರಿಕೆಯನ್ನು ಬೆಲ್ ಲ್ಯಾಬ್ಸ್‌ನವರು ತೋರಿಸಿದ್ದು 1972ರಲ್ಲಿ, ರಾಮನ್ ತೀರಿಕೊಂಡ ಎರಡು ವರ್ಷಕ್ಕೆ. 1030 ನ್ಯಾನೊಮೀಟರಿನಲ್ಲಿ ಬಲ ತುಂಬಿಕೊಂಡು ಹೊರಟ ಪಲ್ಸು ಎಚ್ಚರ ತಪ್ಪಿದರೆ 1080ರ ಕಡೆಗೆ ಸೋರಿಹೋಗುತ್ತದೆ. ಪ್ರಪಂಚದ ಯಾವ ಫೈಬರ್ ಲೇಸರ್ ಲ್ಯಾಬಿಗೆ ಹೋದರೂ ದಿನಕ್ಕೆ ಹತ್ತು ಸಲ ರಾಮನ್ ಹೆಸರು ಕಿವಿಗೆ ಬೀಳುವುದು ಇದೇ ಕಾರಣಕ್ಕೆ.

ಈ ಎಲ್ಲ ತೊಡಕನ್ನು ಒಂದೇ ಏಟಿಗೆ ಹಗುರ ಮಾಡಿದ ಉಪಾಯ 1985ರಲ್ಲಿ ಬಂತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಾನಾ ಸ್ಟ್ರಿಕ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮತ್ತು ಆಕೆಯ ಗುರು ಜೆರಾರ್ ಮೂರೂ ಅವರು, ಪಲ್ಸಿಗೆ ಬಲ ತುಂಬುವ ಮೊದಲು ಅದನ್ನು ಹಿಗ್ಗಿಸಿ ಉದ್ದ ಮಾಡಬೇಕು ಎಂದರು. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಇದನ್ನು ಕಾಣಬಹುದು. ಹಳೆಯ ಸೇತುವೆಯ ಮೇಲೆ ಹತ್ತು ಟ್ರ್ಯಾಕ್ಟರುಗಳು ಒತ್ತೊತ್ತಾಗಿ ಒಟ್ಟಿಗೆ ಏರಿದರೆ ಸೇತುವೆ ಕುಸಿಯುತ್ತದೆ. ಅವೇ ಹತ್ತು ಅಂತರ ಬಿಟ್ಟು ಒಂದರ ಹಿಂದೊಂದು ಸಾಗಿದರೆ ಸೇತುವೆಗೆ ಯಾವ ಗಳಿಗೆಯಲ್ಲೂ ಒಂದೇ ಗಾಡಿಯ ಭಾರ, ಆಚೆ ದಡದಲ್ಲಿ ಮತ್ತೆ ಎಲ್ಲವೂ ಜೊತೆಯಾಗುತ್ತವೆ. ಪಲ್ಸಿನಲ್ಲಿ ಗಾಡಿಗಳೆಂದರೆ ಬಣ್ಣಗಳು. 1030 ನ್ಯಾನೊಮೀಟರಿನ ಸುತ್ತ 100 ಫೆಮ್ಟೊಸೆಕೆಂಡಿನ ಒಂದು ಪಲ್ಸ್ ಕಟ್ಟಲು ಸುಮಾರು 15 ನ್ಯಾನೊಮೀಟರ್ ಹರಹಿನ ಬಣ್ಣಗಳು ಬೇಕು. ಉದ್ದನೆಯ ಫೈಬರಿನಲ್ಲೋ ಗೀರು ಹಾಕಿದ ಗ್ರೇಟಿಂಗ್ ಜೋಡಿಯಲ್ಲೋ ಹಾಯಿಸಿದರೆ ಕೆಂಪಿನ ಕಡೆಯದು ಮುಂದೆ, ನೀಲಿಯ ಕಡೆಯದು ಹಿಂದೆ ಉಳಿದು ಪಲ್ಸ್ ಸಾವಿರಾರು ಪಟ್ಟು ಉದ್ದವಾಗುತ್ತದೆ, ಅಷ್ಟೇ ಪಟ್ಟು ಮಂದವೂ ಆಗುತ್ತದೆ. ಆಗ ಧೈರ್ಯವಾಗಿ ಬಲ ತುಂಬಬಹುದು. ಕೊನೆಗೆ ಗಾಜಿನ ಹೊರಗೆ, ಗಾಳಿಯಲ್ಲಿ, ಇನ್ನೊಂದು ಗ್ರೇಟಿಂಗ್ ಜೋಡಿ ಹಿಂದುಳಿದ ಬಣ್ಣಗಳನ್ನು ಮುಂದಿನವುಗಳ ಜೊತೆ ಸೇರಿಸಿ ಪಲ್ಸನ್ನು ಮತ್ತೆ ಗಿಡ್ಡ ಮಾಡುತ್ತದೆ.

ಸ್ಟ್ರಿಕ್‌ಲ್ಯಾಂಡ್ ಅವರ ಮೊದಲ ಪ್ರಯೋಗದಲ್ಲಿ ಪಲ್ಸನ್ನು ಹಿಗ್ಗಿಸಿದ್ದು 1.4 ಕಿ.ಮೀ. ಉದ್ದದ ಫೈಬರ್. ಬಲ ತುಂಬಿದ್ದು ಮಾತ್ರ ಫೈಬರಲ್ಲ, ನಿಯೋಡಿಮಿಯಂ ಬೆರೆಸಿದ ಗಾಜಿನ ಸರಳು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ಪತ್ರಿಕೆಗಳಲ್ಲಿ ಬರೆದದ್ದೆಲ್ಲ ಹಿಗ್ಗಿಸಿ ಕುಗ್ಗಿಸುವ ಜಾಣ್ಮೆಯ ಬಗ್ಗೆ. ಅದು ನ್ಯಾಯವೇ. ಆದರೆ ಆ ಸರಳಿನ ಜಾಗಕ್ಕೆ ತೆಳು ಎಳೆ ಬರಲು ಹಿಗ್ಗಿಸುವ ಉಪಾಯವೊಂದೇ ಸಾಕಾಗಲಿಲ್ಲ.

ಎಳೆ ಯಾಕೆ ಬೇಕು ಎಂದು ಕೇಳಬಹುದು. ದಪ್ಪ ಸರಳು ಒಳಗೆ ಕಾಯುತ್ತದೆ, ಹೊರಗೆ ತಣ್ಣಗಿರುತ್ತದೆ, ಕಿರಣ ಸೊಟ್ಟಗಾಗುತ್ತದೆ. ಹಾಗಾಗಿ ನಿಧಾನಕ್ಕೆ, ತಡೆದು ತಡೆದು ಪಲ್ಸ್ ಬಿಡಬೇಕು. ಎಳೆಗೆ ಒಳಗಿರುವ ಗಾಜಿಗೆ ಹೋಲಿಸಿದರೆ ಹೊರಮೈ ಬಹಳ ಹೆಚ್ಚು, ಬಿಸಿ ಬೇಗ ಹೊರಟುಹೋಗುತ್ತದೆ. ಕಿರಣ ಕೂಡ ತಿರುಳಿನ ಹಿಡಿತದಲ್ಲಿ ಅಂದಗೆಡದೆ ಬರುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್ ಬೇಕಾದ ಆಸ್ಪತ್ರೆಗೂ ಕಾರ್ಖಾನೆಗೂ ಎಳೆಯೇ ಸರಿ. ಫೈಬರ್ ವರ್ಧಕದ ಮೂಲ ಕಲ್ಪನೆ ಎರ್ಬಿಯಂಗಿಂತ ಹಳೆಯದು. ಅಮೆರಿಕದ ಎಲಿಯಾಸ್ ಸ್ನಿಟ್ಜರ್ 1961ರಲ್ಲಿ ನಿಯೋಡಿಮಿಯಂ ಗಾಜಿನ ಲೇಸರ್ ಮಾಡಿ, 1964ರಲ್ಲಿ ಚಾರ್ಲ್ಸ್ ಕೋಸ್ಟರ್ ಜೊತೆ ಗಾಜಿನ ಎಳೆಯಲ್ಲೇ ಬೆಳಕನ್ನು ಹಿಗ್ಗಿಸಿ ತೋರಿಸಿದ್ದರು. 1988ರಲ್ಲಿ ಅದೇ ಸ್ನಿಟ್ಜರ್ ಮತ್ತು ಸಂಗಡಿಗರು ಎರಡು ಹೊದಿಕೆಯ ಫೈಬರ್ ತಂದರು. ಹೆಚ್ಚು ಸಾಮರ್ಥ್ಯದ ಡಯೋಡುಗಳ ಬೆಳಕು ಅಗಲವಾಗಿ ಚೆಲ್ಲುತ್ತದೆ, ಆರು ಮೈಕ್ರೊಮೀಟರಿನ ತಿರುಳಿನೊಳಗೆ ಅದನ್ನು ತೂರಿಸಲಾಗದು. ಅದನ್ನು ತಿರುಳಿನ ಸುತ್ತಲಿನ ಅಗಲ ಹೊದಿಕೆಯೊಳಗೆ ಬಿಟ್ಟರೆ, ಸಾಗುತ್ತ ಸಾಗುತ್ತ ಮತ್ತೆ ಮತ್ತೆ ತಿರುಳನ್ನು ದಾಟಿ ಅಲ್ಲಿನ ಅಯಾನುಗಳಿಗೆ ಶಕ್ತಿ ಕೊಡುತ್ತದೆ.

ಇದರಿಂದ ಸಾಮರ್ಥ್ಯವೇನೋ ಬಂತು, ಜೊತೆಗೆ ಉದ್ದವೂ ಬಂತು. ಡಯೋಡಿನ ಬೆಳಕು ಆಗಾಗ ಮಾತ್ರ ತಿರುಳನ್ನು ಮುಟ್ಟುವುದರಿಂದ ಅದು ಪೂರ್ತಿ ಹೀರಿಕೆಯಾಗಲು ಹತ್ತಾರು ಮೀಟರ್ ಫೈಬರ್ ಬೇಕು. ಹತ್ತಾರು ಮೀಟರ್ ಎಂದರೆ ಗಿಡ್ಡ ಪಲ್ಸಿಗೆ ಹತ್ತಾರು ಮೀಟರಿನ ತಿರುಚು, ರಾಮನ್ ಸೋರಿಕೆ. ಬಿಡುಗಡೆಗೆ ಇದ್ದ ದಾರಿ ಎರಡು. ತಿರುಳನ್ನು ಅಗಲ ಮಾಡಿ ಪ್ರಖರತೆ ಇಳಿಸುವುದು ಒಂದು. ತಿರುಳಿನಲ್ಲಿ ಅಯಾನುಗಳನ್ನು ದಟ್ಟವಾಗಿ ತುಂಬಿ ಫೈಬರನ್ನೇ ಗಿಡ್ಡ ಮಾಡುವುದು ಇನ್ನೊಂದು. ಹತ್ತು ಮೀಟರಿನ ಕೆಲಸವನ್ನು ಒಂದು ಮೀಟರಿನಲ್ಲಿ ಮುಗಿಸಿದರೆ ಗಾಜಿನ ತಂಟೆಯೂ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಮಾತಿನಲ್ಲಿ ಇಷ್ಟು ಸರಳ.

ದಟ್ಟವಾಗಿ ತುಂಬಲು ಆರಿಸಿಕೊಂಡ ಧಾತು ಯಟರ್ಬಿಯಂ. ಸ್ವಿಟ್ಜರ್‌ಲ್ಯಾಂಡಿನ ರಸಾಯನಶಾಸ್ತ್ರಜ್ಞ ಮರಿನ್ಯಾಕ್ 1878ರಲ್ಲಿ ಬೇರ್ಪಡಿಸಿದ ಧಾತು ಇದು. ಸ್ವೀಡನ್ನಿನ ಒಂದು ಹಳ್ಳಿಯ ಕಲ್ಲಿನ ಗಣಿಯ ಅದಿರಿನಿಂದ ಇದಲ್ಲದೆ ಎರ್ಬಿಯಂ ಮುಂತಾದ ಇನ್ನೂ ಕೆಲವು ಸಿಕ್ಕವು. ಲೇಸರಿನವರಿಗೆ ಯಟರ್ಬಿಯಂ ಪ್ರಿಯವಾಗಲು ಕಾರಣ ಅದರ ಸರಳತೆ. ಈ ಕೆಲಸಕ್ಕೆ ಲೆಕ್ಕಕ್ಕೆ ಬರುವ ಶಕ್ತಿಯ ಮಟ್ಟಗಳು ಅದರಲ್ಲಿ ಎರಡೇ, ಕೆಳಗಿನದು ಮತ್ತು ಮೇಲಿನದು. ಮೇಲೆ ಹೋದ ಅಯಾನು ಇನ್ನೂ ಮೇಲಿನ ಯಾವುದೋ ಮಟ್ಟಕ್ಕೆ ಹಾರಿ ಶಕ್ತಿಯನ್ನು ಪೋಲು ಮಾಡುವ ಅವಕಾಶವೇ ಇಲ್ಲ. 976 ನ್ಯಾನೊಮೀಟರಿನಲ್ಲಿ ಶಕ್ತಿ ಪಡೆದು 1030ರಲ್ಲಿ ಬಿಟ್ಟುಕೊಡುತ್ತದೆ, ನಡುವೆ ಬಿಸಿಯಾಗಿ ಹೋಗುವುದು ನೂರಕ್ಕೆ ಐದರಷ್ಟು. ಪಡೆದ ಶಕ್ತಿಯನ್ನು ಸುಮಾರು ಒಂದು ಮಿಲಿಸೆಕೆಂಡ್ ಕಾಲ ಹಿಡಿದಿಟ್ಟುಕೊಳ್ಳುತ್ತದೆ, ಹಾದುಹೋಗುವ ಪಲ್ಸಿಗಾಗಿ ಕಾಯಲು ಅಷ್ಟು ಹೊತ್ತು ಧಾರಾಳ.

ಗಾಜು ಮಾತ್ರ ಒಪ್ಪುವುದಿಲ್ಲ. ಸಿಲಿಕಾ ಗಾಜಿನೊಳಗೆ ಪ್ರತಿ ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕಗಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಆ ಆಮ್ಲಜನಕಗಳು ಪಕ್ಕದ ಸಿಲಿಕಾನುಗಳಿಗೆ ಕೊಂಡಿಯಾಗಿರುತ್ತವೆ. ಮೂರು ಧನಾವೇಶ ಹೊತ್ತ ಯಟರ್ಬಿಯಂ ಅಯಾನಿಗೆ ತನ್ನ ಸುತ್ತ ಬಿಡುವಾದ ಆಮ್ಲಜನಕಗಳು ಬೇಕು. ಅವು ಸಿಕ್ಕದಾಗ ಅಯಾನುಗಳು ಒಂದೆಡೆ ಗುಂಪುಗೂಡಿ ಇರುವ ಕೆಲವೇ ಆಮ್ಲಜನಕಗಳನ್ನು ಹಂಚಿಕೊಳ್ಳುತ್ತವೆ. ಗುಂಪುಗೂಡಿದ ಅಯಾನುಗಳು ಶಕ್ತಿಯನ್ನು ಪಲ್ಸಿಗೆ ಕೊಡುವ ಬದಲು ತಮ್ಮತಮ್ಮಲ್ಲೇ ದಾಟಿಸಿಕೊಂಡು ಹಾಳು ಮಾಡುತ್ತವೆ. ಇದು ಕಣ್ಣಿಗೂ ಕಾಣುತ್ತದೆ. ಶಕ್ತಿ ತುಂಬುವ ಡಯೋಡಿನ ಬೆಳಕೂ ಲೇಸರಿನ ಬೆಳಕೂ ಅವಕೆಂಪು, ನಮಗೆ ಕಾಣದವು. ಆದರೂ ದಟ್ಟ ಯಟರ್ಬಿಯಂ ಫೈಬರಿಗೆ ಶಕ್ತಿ ಕೊಟ್ಟಾಗ ಅದು ನಸು ನೀಲಿ-ಹಸಿರಾಗಿ ಹೊಳೆಯುತ್ತದೆ. ಒತ್ತೊತ್ತಾಗಿ ಕೂತ ಎರಡು ಅಯಾನುಗಳು ತಮ್ಮ ಶಕ್ತಿಯನ್ನು ಕೂಡಿಸಿ 500 ನ್ಯಾನೊಮೀಟರಿನ ಸುತ್ತಮುತ್ತಲ ಒಂದೇ ಫೋಟಾನ್ ಆಗಿ ಚೆಲ್ಲಿದಾಗ ಬರುವ ಹೊಳಪು ಅದು. ನೋಡಲು ಚೆಂದ. ಆದರೆ ಅಯಾನುಗಳು ಎಷ್ಟು ಹತ್ತಿರ ಬಂದಿವೆ ಎಂಬುದರ ಸುಳಿವೂ ಹೌದು.

ಸಿಲಿಕಾಕ್ಕೆ ಅಲ್ಯೂಮಿನಿಯಂ ಅಥವಾ ರಂಜಕ ಬೆರೆಸಿದರೆ ಕೊಂಡಿಗಳು ಅಲ್ಲಲ್ಲಿ ಸಡಿಲಗೊಂಡು ಅಯಾನುಗಳು ಹರಡಿ ಕೂರುತ್ತವೆ. ಇಷ್ಟಾದ ಮೇಲೂ ಇನ್ನೊಂದು ರೋಗ ಉಳಿಯುತ್ತದೆ. ಹೆಚ್ಚು ಯಟರ್ಬಿಯಂ ತುಂಬಿದ ಅಲ್ಯೂಮಿನಿಯಂ-ಸಿಲಿಕಾ ಫೈಬರು ಕೆಲಸ ಮಾಡುತ್ತ ಮಾಡುತ್ತ ಒಳಗೊಳಗೇ ಕಪ್ಪಾಗುತ್ತದೆ. ಗಂಟೆಗಟ್ಟಲೆ ಓಡಿಸಿದ ಮೇಲೆ ಹೊರಬರುವ ಸಾಮರ್ಥ್ಯ ಕುಸಿಯತೊಡಗುತ್ತದೆ. ಸೀರಿಯಂ ಬೆರೆಸಿದರೆ, ಇಲ್ಲವೇ ರಂಜಕದ ಪಾಲು ಹೆಚ್ಚಿಸಿದರೆ ಈ ಕಪ್ಪು ಕಡಿಮೆಯಾಗುತ್ತದೆ ಎಂದು ಕಂಡುಕೊಂಡದ್ದು ಗಾಜಿನವರು, ಲೇಸರಿನವರಲ್ಲ.

ಅಲ್ಲಿಂದ ಮುಂದಿನ ಹೆಜ್ಜೆ ಸಿಲಿಕಾವನ್ನೇ ಬಿಟ್ಟು ಪೂರ್ತಿ ರಂಜಕದ, ಅಂದರೆ ಫಾಸ್ಫೇಟ್, ಗಾಜಿಗೆ ಹೋಗುವುದು. ರಂಜಕದ ಜಾಲದಲ್ಲಿ ಪ್ರತಿ ಘಟಕಕ್ಕೂ ಕೊಂಡಿಯಾಗದೆ ಉಳಿದ ಒಂದು ಆಮ್ಲಜನಕವಾದರೂ ಇರುತ್ತದೆ, ಹಾಗಾಗಿ ವಿರಳ ಭಸ್ಮ ಅಯಾನುಗಳಿಗೆ ಜಾಗ ಧಾರಾಳ. ಸಿಲಿಕಾದಲ್ಲಿ ತೂಕದ ಶೇ. 1ರ ಆಸುಪಾಸಿನಲ್ಲೇ ಪರದಾಡಬೇಕಾದರೆ, ಫಾಸ್ಫೇಟಿನಲ್ಲಿ ಅದರ ಹಲವು ಪಟ್ಟು ಯಟರ್ಬಿಯಂ ಗುಂಪುಗೂಡದೆ ಕೂರುತ್ತದೆ, ಕಪ್ಪಾಗುವ ರೋಗವೂ ಇಲ್ಲವೆನ್ನುವಷ್ಟು ಕಡಿಮೆ. ಮೀಟರುಗಳಲ್ಲಿದ್ದ ವರ್ಧಕ ಕೆಲವು ಹತ್ತು ಸೆಂಟಿಮೀಟರಿಗೆ ಇಳಿಯಿತು. ಅಮೆರಿಕದ ಅರಿಜೋನಾದ ಟೂಸಾನ್ ನಗರ ಇಂಥ ಫೈಬರಿಗೆ ಹೆಸರಾಯಿತು.

ಫಾಸ್ಫೇಟ್ ಗಾಜಿಗೆ ತನ್ನದೇ ಕಷ್ಟಗಳಿವೆ. ಸಿಲಿಕಾ ಫೈಬರನ್ನು ಸುಮಾರು 2,000 ಡಿಗ್ರಿಯಲ್ಲಿ ಎಳೆಯುತ್ತಾರೆ, ಫಾಸ್ಫೇಟ್ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಮೆತ್ತಗಾಗುತ್ತದೆ. ಎರಡನ್ನೂ ಬೆಸೆಯುವುದು ಪಳಗಿದ ಕೈಗಳಿಗೇ ಸಾಧ್ಯ. ಕಾಯಿಸಿದರೆ ಅದು ಸಿಲಿಕಾಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬಿಸಿಯನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ತೇವವನ್ನು ಎಳೆದುಕೊಳ್ಳುತ್ತದೆ. ಕರಗಿಸುವಾಗ ಒಂದಿಷ್ಟು ನೀರಿನಂಶ ಒಳಗೆ ಉಳಿದರೂ ಆ ಹೈಡ್ರಾಕ್ಸಿಲ್ ಗುಂಪುಗಳು ಅಯಾನುಗಳ ಶಕ್ತಿಯನ್ನು ಕದಿಯುತ್ತವೆ. ಒಣ ಅನಿಲ ಹಾಯಿಸುತ್ತ, ಗಂಟೆಗಟ್ಟಲೆ ಕರಗಿಸುತ್ತ ನೀರನ್ನು ಓಡಿಸಬೇಕು.

ಗಿಡ್ಡ ಮಾಡಿದಷ್ಟೂ ಒಳ್ಳೆಯದು ಎಂಬ ಲೆಕ್ಕವೂ ಒಂದು ಹಂತದಲ್ಲಿ ತಪ್ಪುತ್ತದೆ. ಹತ್ತು ಮೀಟರಿನಲ್ಲಿ ಹರಡಿದ್ದ ಬಿಸಿ ಒಂದು ಮೀಟರಿನಲ್ಲಿ ಸೇರಿಕೊಂಡರೆ ತಿರುಳಿನ ಶಾಖ ಏರುತ್ತದೆ. ಅಗಲ ತಿರುಳಿನ ಫೈಬರಿನಲ್ಲಿ ಒಂದು ಮಿತಿ ದಾಟಿದ ಕೂಡಲೇ ಅಚ್ಚುಕಟ್ಟಾದ ಕಿರಣ ಥಟ್ಟನೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಜರ್ಮನಿಯ ಯೇನಾ ನಗರದ ಸಂಶೋಧಕರು 2010ರ ಆಸುಪಾಸಿನಲ್ಲಿ ಇದನ್ನು ವಿವರವಾಗಿ ದಾಖಲಿಸುವವರೆಗೂ ಇಂಥದೊಂದು ಗೋಡೆ ಇದೆ ಎಂದು ಯಾರೂ ಅಷ್ಟಾಗಿ ಎಣಿಸಿರಲಿಲ್ಲ. ಉದ್ದವಾದರೆ ತಿರುಚು, ಗಿಡ್ಡವಾದರೆ ಬಿಸಿ. ಪ್ರತಿಯೊಬ್ಬ ವಿನ್ಯಾಸಕಾರರೂ ಈ ಎರಡರ ನಡುವೆ ತಮ್ಮ ಪಲ್ಸಿಗೆ ತಕ್ಕ ಉದ್ದವನ್ನು ಹುಡುಕುತ್ತಾರೆ. ಕೆಲವರು ತಿರುಚನ್ನೇ ಒಪ್ಪಿಕೊಂಡು, ಅದು ಪಲ್ಸಿಗೆ ನಯವಾದ ಪ್ಯಾರಾಬೋಲಾ ಆಕಾರ ಕೊಡುವಂತೆ ಫೈಬರನ್ನು ಹೊಂದಿಸಿ, ಆಮೇಲೆ ಕುಗ್ಗಿಸುತ್ತಾರೆ. 2000ದಲ್ಲಿ ಮಾರ್ಟಿನ್ ಫರ್ಮನ್ ಮತ್ತು ಸಂಗಡಿಗರು ತೋರಿಸಿದ ಈ ದಾರಿ ನನಗೆ ತುಂಬ ಮೆಚ್ಚುಗೆಯಾದದ್ದು, ಗಾಜಿನ ಜೊತೆ ಜಗಳವಾಡದೆ ಅದರ ಸ್ವಭಾವವನ್ನೇ ದುಡಿಸಿಕೊಳ್ಳುವ ಜಾಣತನ ಅದರಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿರುವುದೂ ಇದೇ ಮನೋಧರ್ಮದ ಕೆಲಸ. ಅಲ್ಲಿನ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ವಿ.ಆರ್. ಸುಪ್ರದೀಪ ಅವರ ತಂಡ ಹೆಚ್ಚು ಸಾಮರ್ಥ್ಯದ ಫೈಬರ್ ಲೇಸರುಗಳ ಮೇಲೆ ಕೆಲಸ ಮಾಡುತ್ತದೆ. ಪಲ್ಸಿನ ಶಕ್ತಿಯನ್ನು ಕಸಿಯುವ ರಾಮನ್ ಚದುರಿಕೆಯನ್ನು ಅವರು ಬೇಕೆಂದೇ ಬಳಸುತ್ತಾರೆ. ಯಟರ್ಬಿಯಂ ತಾನಾಗಿ ಕೊಡಬಲ್ಲ ಬಣ್ಣಗಳು 1,030ರಿಂದ 1,100 ನ್ಯಾನೊಮೀಟರಿನ ಆಸುಪಾಸಿನವು ಮಾತ್ರ. ಆ ಬೆಳಕನ್ನು ಉದ್ದನೆಯ ಫೈಬರಿಗೆ ಬಿಟ್ಟು ಒಂದು ರಾಮನ್ ಹೆಜ್ಜೆ ಇಡಿಸಿದರೆ 1064 ಇದ್ದದ್ದು ಸುಮಾರು 1117 ಆಗುತ್ತದೆ, ಮತ್ತೊಂದು ಹೆಜ್ಜೆಗೆ 1175ರ ಹತ್ತಿರ, ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಬೇರಾವ ಧಾತುವೂ ಸುಲಭವಾಗಿ ಕೊಡದ ಬಣ್ಣಗಳಿಗೆ ತಲುಪಬಹುದು. ಬೆಂಗಳೂರಿಗೆ ಬರುವ ಮೊದಲು ಅಮೆರಿಕದ ಓಎಫ್‌ಎಸ್ ಲ್ಯಾಬಿನಲ್ಲಿದ್ದಾಗ ಸುಪ್ರದೀಪ ಮತ್ತು ಅವರ ಸಹೋದ್ಯೋಗಿ ಈ ಮೆಟ್ಟಿಲುಗಳಿಂದ 1480 ನ್ಯಾನೊಮೀಟರಿನಲ್ಲಿ 300 ವ್ಯಾಟ್ ದಾಟಿದ್ದನ್ನು 2013ರಲ್ಲಿ ಪ್ರಕಟಿಸಿದ್ದರು. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದ ಅದೇ ಆವರಣದಲ್ಲಿ ಈಗ ಅವರ ಪರಿಣಾಮವೇ ದಿನನಿತ್ಯದ ಉಪಕರಣ. ಕನ್ನಡನಾಡಿನ ವಿಜ್ಞಾನದ ಬಗ್ಗೆ ಮಾತಾಡುವಾಗ ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ ಮುಗಿಸುವವರು ಈ ಲ್ಯಾಬಿನ ಕೆಲಸವನ್ನೊಮ್ಮೆ ತಿಳಿದುಕೊಳ್ಳಬೇಕು.

ಯೇನಾ ನಗರದ ಕಡೆಗೆ ಮತ್ತೆ ಬರುತ್ತೇನೆ. 1884ರಲ್ಲಿ ಅಲ್ಲಿ ಆಟೊ ಶಾಟ್ ಎಂಬ ರಸಾಯನಶಾಸ್ತ್ರಜ್ಞ, ಭೌತವಿಜ್ಞಾನಿ ಅರ್ನ್‌ಸ್ಟ್ ಆಬೆ ಮತ್ತು ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಝೈಸ್ ಸೇರಿ ಒಂದು ಗಾಜಿನ ಪ್ರಯೋಗಾಲಯ ತೆರೆದರು. ಒಬ್ಬರಿಗೆ ಗಾಜು ಕರಗಿಸಲು ಬರುತ್ತಿತ್ತು, ಇನ್ನೊಬ್ಬರಿಗೆ ಬೆಳಕಿನ ಲೆಕ್ಕ, ಮೂರನೆಯವರಿಗೆ ಉಪಕರಣದ ಕಸುಬು. ಶಾಟ್ ಗಾಜಿಗೆ ಬೋರಾನ್, ರಂಜಕ ಮುಂತಾಗಿ ಒಂದೊಂದೇ ಧಾತು ಬೆರೆಸಿ ಅದರ ಗುಣ ಹೇಗೆ ಬದಲಾಗುತ್ತದೆ ಎಂದು ಅಳೆಯುತ್ತ ಹೋದರು. ಅವರ ಕಾಲದ ಫಾಸ್ಫೇಟ್ ಗಾಜುಗಳೂ ತೇವದ ಮುಂದೆ ಸೋತಿದ್ದವು. ಆ ಊರಿನ ವಿಶ್ವವಿದ್ಯಾಲಯದ ತಂಡವೇ 2011ರಲ್ಲಿ ಸುಮಾರು 100 ಮೈಕ್ರೊಮೀಟರ್ ಅಗಲದ ಬೆಳಕನ್ನು ಹೊರುವ, ಒಂದು ಮೀಟರ್ ಆಸುಪಾಸಿನ ಯಟರ್ಬಿಯಂ ಫೈಬರಿನಿಂದ 2.2 ಮಿಲಿಜೌಲಿನ, 500 ಫೆಮ್ಟೊಸೆಕೆಂಡಿಗಿಂತ ಗಿಡ್ಡ ಪಲ್ಸ್‌ಗಳನ್ನು ಪಡೆಯಿತು. ಆ ಗಳಿಗೆಯ ಸಾಮರ್ಥ್ಯ 3.8 ಗಿಗಾವ್ಯಾಟ್, ಅಂದರೆ 3,800 ಮೆಗಾವ್ಯಾಟ್. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕಗಳ ಒಟ್ಟು ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಸರಾಸರಿ ತೆಗೆದರೆ ಆ ಲೇಸರಿನಿಂದ ಬರುತ್ತಿದ್ದದ್ದು 11 ವ್ಯಾಟ್ ಮಾತ್ರ. 2020ರಲ್ಲಿ ಅದೇ ಊರಿನವರು ಹನ್ನೆರಡು ಫೈಬರುಗಳ ಪಲ್ಸ್‌ಗಳನ್ನು ಲಯ ತಪ್ಪದಂತೆ ಒಂದುಗೂಡಿಸಿ, ಸರಾಸರಿ 10 ಕಿಲೊವ್ಯಾಟ್ ದಾಟಿದರು. ಕಣ್ಣಿಗೆ ಬಳಸುವ ವಿಸುಮ್ಯಾಕ್ಸ್ ಯಂತ್ರದ ಕಂಪನಿಯ ನೆಲೆಯೂ ಯೇನಾ. ನೂರಮೂವತ್ತಕ್ಕೂ ಹೆಚ್ಚು ವರ್ಷ ಗಾಜಿಗೆ ಕೊಟ್ಟ ಗಮನದ ಫಲವನ್ನು ಆ ಊರು ಉಣ್ಣುತ್ತಿದೆ.

ಭಾರತದಲ್ಲಿ ಈ ವಿದ್ಯೆಯ ತುಣುಕುಗಳೆಲ್ಲ ಇವೆ, ಚದುರಿಕೊಂಡಿವೆ. ಎರ್ಬಿಯಂ, ಯಟರ್ಬಿಯಂ ಬೆರೆಸಿದ ಫೈಬರನ್ನು ಕೋಲ್ಕತ್ತದ ಸೆಂಟ್ರಲ್ ಗ್ಲಾಸ್ ಅಂಡ್ ಸಿರಾಮಿಕ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಹಲವು ವರ್ಷಗಳಿಂದ ತಯಾರಿಸುತ್ತಿದೆ. ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಯಟರ್ಬಿಯಂ ಫೈಬರ್ ಲೇಸರುಗಳನ್ನು ಕಟ್ಟುತ್ತಾರೆ. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾಜಾ ರಾಮಣ್ಣ ನಮ್ಮ ತುಮಕೂರಿನವರು. ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ಮೊನಜೈಟ್ ಇದೆ, 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿ ಅದರಿಂದ ವಿರಳ ಭಸ್ಮಗಳನ್ನು ಬೇರ್ಪಡಿಸುತ್ತದೆ. ಅದರಲ್ಲಿ ಹಗುರ ಧಾತುಗಳೇ ಹೆಚ್ಚು, ಯಟರ್ಬಿಯಂನಂಥ ಭಾರದವು ತೀರ ಕಡಿಮೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಗಾಜಿನ ರಸಾಯನಕ್ಕೆ ಗಟ್ಟಿ ಪರಂಪರೆಯೇ ಇದೆ. ಅಲ್ಲಿ ದಶಕಗಳ ಕಾಲ ಗಾಜಿನ ಒಳರಚನೆಯನ್ನು ಅಧ್ಯಯನ ಮಾಡಿದ ಕೆ.ಜೆ. ರಾವ್ ಅವರು 2002ರಲ್ಲಿ ಹೊರತಂದ ಗಾಜಿನ ರಚನಾ ರಸಾಯನದ ಗ್ರಂಥ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇಷ್ಟಿದ್ದೂ ನಮ್ಮ ಆಸ್ಪತ್ರೆಗೆ ಫೆಮ್ಟೊಸೆಕೆಂಡ್ ಯಂತ್ರ ಬೇಕಾದಾಗ ಹೊರದೇಶದ ಕಡೆ ನೋಡಬೇಕು. ಲೇಸರ್ ಕಟ್ಟುವವರು, ಫೈಬರ್ ಎಳೆಯುವವರು, ಗಾಜು ಕರಗಿಸುವವರು ಮೂರು ಊರುಗಳಲ್ಲಿ ಮೂರು ಇಲಾಖೆಗಳ ಅಡಿಯಲ್ಲಿ ಇದ್ದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಲುಪಲು ವರ್ಷಗಳೇ ಬೇಕು. ಫೈಬರ್ ಕಪ್ಪಾಗುತ್ತಿದೆ ಎಂದು ಬೆಳಗ್ಗೆ ಕಂಡರೆ ಸಂಜೆಯೊಳಗೆ ಹೊಸ ಪಾಕದ ಗಾಜು ಕುಲುಮೆಗೆ ಹೋಗುವಂಥ ಒಂದು ಕೇಂದ್ರ ನಮ್ಮಲ್ಲಿ ಆಗಬೇಕು.

ಅಂಥ ಕೇಂದ್ರ ಬೆಂಗಳೂರಿನಲ್ಲೇ ಆಗಬೇಕೆಂದೇನಿಲ್ಲ. ಮಣ್ಣೂರಿಗೆ ದೂರವಲ್ಲದ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವೂ ಇದೆ, ರಸಾಯನವೂ ಇದೆ. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಅಯಾನುಗಳನ್ನು ದಟ್ಟವಾಗಿ ತುಂಬಿದ ಗಾಜಿನ ಮೊದಲ ಹಂತದ ಕೆಲಸಕ್ಕೆ ಗಿಗಾವ್ಯಾಟ್ ಲೇಸರ್ ಬೇಕಿಲ್ಲ. ಫಾಸ್ಫೇಟ್, ಅಲ್ಯೂಮಿನಾ, ಯಟರ್ಬಿಯಂ ಆಕ್ಸೈಡುಗಳನ್ನು ತೂಗಿ ಬೆರೆಸಿ ಪ್ಲಾಟಿನಂ ಮೂಸೆಯಲ್ಲಿ ಕರಗಿಸಬೇಕು, ಒಣ ಅನಿಲ ಹಾಯಿಸಿ ನೀರನ್ನು ತೆಗೆಯಬೇಕು, ಎರಕ ಹೊಯ್ದು ನಿಧಾನಕ್ಕೆ ತಣಿಸಬೇಕು, ಆಮೇಲೆ 976 ನ್ಯಾನೊಮೀಟರಿನ ಡಯೋಡಿನಿಂದ ಬೆಳಕು ಕೊಟ್ಟು ಅಯಾನುಗಳು ಶಕ್ತಿಯನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ ಎಂದು ಅಳೆಯಬೇಕು. ಒಂದು ಮಿಲಿಸೆಕೆಂಡಿನ ಹತ್ತಿರ ಬಂದರೆ ಗಾಜು ಚೊಕ್ಕವಾಗಿದೆ. ಬಹಳ ಕಡಿಮೆ ಬಂದರೆ ನೀರು ಉಳಿದಿದೆ, ಇಲ್ಲವೇ ಅಯಾನುಗಳು ಗುಂಪುಗೂಡಿವೆ, ಪಾಕ ಬದಲಿಸಿ ಮತ್ತೆ ಕರಗಿಸಬೇಕು. ಅಫಜಲಪುರದ, ಜೇವರ್ಗಿಯ ಹುಡುಗ ಹುಡುಗಿಯರು ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಮಾಡಬಹುದಾದ ಕೆಲಸ ಇದು. ಒಂದು ಒಳ್ಳೆಯ ಕುಲುಮೆ, ಶುದ್ಧ ರಾಸಾಯನಿಕಗಳು, ಒಂದು ಡಯೋಡ್ ಮತ್ತು ಕೋಲ್ಕತ್ತದ ಫೈಬರ್ ಎಳೆಯುವವರ ಜೊತೆ ನೇರ ಮಾತುಕತೆ, ಸರಕಾರ ಈ ಭಾಗದ ವಿಶ್ವವಿದ್ಯಾಲಯಗಳಿಗೆ ಮೊದಲು ಇಷ್ಟನ್ನು ಒದಗಿಸಲಿ.